ಕೊಡಾ ಸರಿಸಬ್ಯಾಡ್ರಿ

“ಏ ಕಾಡಿ, ಆ ಟೈಲ್ಸಿನ್ಯಾಗ ನಿನ್ನ ಮಾರಿ ಕಾಣಬೇಕಬೇ. ಹಂಗ ತಿಕ್ಕು. ಕೈಯಾಗ ಕಸುವಿಲ್ಲೇನ, ಹಡಬಿಟ್ಟಿ?”

ಬಾಗಿಲಲ್ಲಿ ನಿಂತ ಸೂಪರಿಂಟೆಂಡೆಂಟ್ ರಾಮಲಿಂಗಪ್ಪ ಮೂಗಿಗೆ ಕರವಸ್ತ್ರ ಹಿಡಿದಿದ್ದ. ಕಟ್ಟಿಸಿದಾಗಿನಿಂದ ಒಂದು ನರಪಿಳ್ಳೆಯೂ ಬಳಸದ ಸಂಡಾಸಿಗೆ ವಾಸನೆ ಎಲ್ಲಿಂದ ಬರಬೇಕು? ಕರವಸ್ತ್ರ ಕಾಡವ್ವನ ಸಲುವಾಗಿ ಇತ್ತು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ತಿಕ್ಕಿದಳು.

ಬೈಲಹೊಂಗಲದಿಂದ ಯರಗಟ್ಟಿ ಕಡೆ ಹೋಗುವ ರಸ್ತೆಯ ಆ ಕಾಲೇಜಿನಲ್ಲಿ ಕಾಡವ್ವ ಕಸ ಹೊಡೆಯುವವಳು. ಮಗಳು ಭಾಗ್ಯಾ ಅಲ್ಲೇ ಬಿ.ಎ. ಓದುತ್ತಿದ್ದಳು. ಹುಡುಗಿಯರಿಗೊಂದು ವಿಶ್ರಾಂತಿ ಕೋಣೆ, ಅದಕ್ಕೆ ಹತ್ತಿ ಒಂದು ಸಂಡಾಸು. ಎರಡನ್ನೂ ಯೂನಿವರ್ಸಿಟಿಯ ಅನುದಾನದಲ್ಲಿ ಕಟ್ಟಿಸಿ, ರಿಬ್ಬನ್ ಕತ್ತರಿಸಿ, ಪೇಢೆ ಹಂಚಿ, ಅದೇ ಸಂಜೆ ಬೀಗ ಜಡಿದಿದ್ದರು. ಹುಡುಗಿಯರು ಹೊಲಸು ಮಾಡುತ್ತಾರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಕೀಲಿಕೈ ರಾಮಲಿಂಗಪ್ಪನ ಉಡದಾರದಲ್ಲಿತ್ತು.

ಹುಡುಗಿಯರು ಕಾಲೇಜಿನ ಹಿಂದಿನ ಜಾಲಿಕಂಟಿಗೆ ಹೋಗಬೇಕಿತ್ತು. ಅವರು ಹೋದಾಗಲೇ ಹುಡುಗರ ಕ್ರಿಕೆಟ್ ಚೆಂಡು ಅಲ್ಲಿ ಕಳೆಯುತ್ತಿತ್ತು. ಭಾಗ್ಯಾ ಮುಂಜಾನೆಯಿಂದ ಹನಿ ನೀರು ಕುಡಿಯದೆ ಕೂತು ಕೂತು ಉರಿಮೂತ್ರ ಹತ್ತಿಸಿಕೊಂಡು, ಜ್ವರ ಬಂದು ಮಲಗಿ ಎದ್ದಿದ್ದಳು. ಎದ್ದವಳೇ ಹೇಳಿದ್ದಳು:

“ಯವ್ವಾ, ನಾ ಕಾಲೇಜ ಬಿಡ್ತೇನಿ. ಓದೂದು ಆಗ್ತೈತಿ, ಹಿಡಕೊಂಡ ಕುಂದ್ರೂದು ಆಗೂದಿಲ್ಲ.”

ಬಿಟ್ಟರೆ ಮುಂದೇನು ಎಂದು ಯಾರೂ ಹೇಳಬೇಕಿರಲಿಲ್ಲ. ಕಸಬರಿಗೆ ಮೂಲೆಯಲ್ಲೇ ನಿಂತಿತ್ತು.

ಸಂಡಾಸು ತೊಳೆದ ಮೇಲೆ ಪ್ರಿನ್ಸಿಪಾಲರ ಚೇಂಬರ್ ಒರೆಸುವುದಿತ್ತು. ಅಲ್ಲಿ ಮಾರನೆಯ ದಿನದ ಯೋಜನೆ ನಡೆದಿತ್ತು. ವಿದ್ಯಾರ್ಥಿಗಳಿಗೆ ಏನೇನು ಸೌಲಭ್ಯ ಕೊಟ್ಟಿದ್ದೀರಿ ಎಂದು ನೋಡಲು ಯೂನಿವರ್ಸಿಟಿಯ ಕಮಿಟಿ ಬರುವುದಿತ್ತು. ಹಾಗಾಗಿ ಸೌಲಭ್ಯಗಳು ಆ ಸಂಜೆಯೊಳಗೆ ಹುಟ್ಟಬೇಕಿತ್ತು. ಆರೋಗ್ಯ ಕೇಂದ್ರಕ್ಕೆ ಪ್ರಿನ್ಸಿಪಾಲರ ಅತ್ತೆಯ ಮಂಚ ಬಂತು. ಅತ್ತೆ ಚಾಪೆಯ ಮೇಲೆ ಮಲಗಿದರು. ಡಾಕ್ಟರು ಸಿಗದೆ ದನದ ದವಾಖಾನೆಯ ಕಂಪೌಂಡರ್ ಹಣಮಂತಪ್ಪನಿಗೆ ಬಿಳಿ ಕೋಟು ತೊಡಿಸುವುದಾಯಿತು. ಹಳೆಯ ಬೆಂಚು ಒಟ್ಟಿದ್ದ ಕೋಣೆಗೆ ‘ಆಪ್ತ ಸಮಾಲೋಚನಾ ಕೇಂದ್ರ’ ಎಂಬ ಬೋರ್ಡು ಬಿತ್ತು. ಹೊರಗೆ ಥಳಕು, ಒಳಗೆ ಹುಳುಕು.

“ಹುಡುಗ್ಯಾರ ಕೋಣಿ?” ಪ್ರಿನ್ಸಿಪಾಲರು ಕೇಳಿದರು.

“ಮುಂಜಾನೆ ತಗೀತೇನ್ರಿ ಸರ್. ಕಾಡಿ ಬಾಗಲಾ ಕಾಯ್ಲಿ. ಕಮಿಟಿ ಕಾರ್ ಹೊಳ್ಳಿ ಗೇಟ್ ದಾಟಿದ್ದ ತಡಾ, ಮತ್ತ ಕೀಲಿ.”

ನೆಲ ಒರೆಸುತ್ತಿದ್ದ ಕಾಡವ್ವ ಅರಿವೆ ಹಿಂಡಿ ಎದ್ದು ನಿಂತಳು. “ಸರ್ರ, ತಗದದ್ದು ಹಂಗ ಇರ್ಲಿ ಬಿಡ್ರಿ. ನಾ ದಿನಾ ತೊಳೀತೇನಿ. ಹುಡುಗ್ಯಾರಿಗೆ ಭಾಳ ತ್ರಾಸ ಐತ್ರಿ.”

ಪ್ರಿನ್ಸಿಪಾಲರು ಅವಳ ಕಡೆ ನೋಡಲೂ ಇಲ್ಲ. ರಾಮಲಿಂಗಪ್ಪನಿಗೇ ಹೇಳಿದರು. “ಇಕಿ ಯಾಕ ಮಾತಾಡಾಕತ್ತಾಳ? ಹುಟ್ಟಿದಾಗಿಂದ ಅಡವ್ಯಾಗ ಕುಂದ್ರೂ ಮಂದಿಗೆ ಟೈಲ್ಸ್ ಕಂಡ್ರ ಇಳೀತೈತೇನ?”

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕಾಡವ್ವ ಬಕೆಟ್ಟು ಎತ್ತಿಕೊಂಡು ಹೊರಬಿದ್ದಳು. ‘ನಗ್ರೋ ಭಾಡ್ಯಾಗೋಳ್ರಾ’ ಎಂದು ಮನಸ್ಸಿನಲ್ಲೇ ಅಂದಳು.

ಅವಳ ಊರಿನ ನಳದ ಮುಂದೆ ಕೊಡಗಳ ಪಾಳಿ ಇರುತ್ತಿತ್ತು. ಮನುಷ್ಯರು ನಿಲ್ಲಬೇಕಿಲ್ಲ, ಕೊಡ ನಿಂತರೆ ಸಾಕು. ಕೊಡ ಇಲ್ಲದವರು ಒಂದು ಕಲ್ಲು ಇಟ್ಟು ಹೋಗುವರು. ಒಬ್ಬರ ಕೊಡವನ್ನು ಇನ್ನೊಬ್ಬರು ಸರಿಸುವಂತಿಲ್ಲ, ಸರಿಸಿದರೆ ಜುಟ್ಟು ಜುಟ್ಟು ಹಿಡಿಯುವ ಜಗಳ. ಕಾಡವ್ವನ ಕೇರಿಯವರ ಕೊಡಕ್ಕೆ ಮಾತ್ರ ಆ ಕಾನೂನು ಇರಲಿಲ್ಲ. ಗೌಡರ ಆಳು ಬಂದು ಅವನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಿದ್ದ. ತಳ್ಳಿ ತಳ್ಳಿ, ಇವರ ಪಾಳಿ ಬರುವಷ್ಟರಲ್ಲಿ ನಳ ನಿಂತಿರುತ್ತಿತ್ತು. ಕಾಡವ್ವನ ಅಲ್ಯುಮಿನಿಯಂ ಕೊಡದ ಮೈತುಂಬ ಆ ಕಾಲಿನ ತೆಗ್ಗುಗಳು.

ಸಂಜೆ ಮನೆಗೆ ಬಂದು ಕೊಡವನ್ನು ಒಂದು ಗಳಿಗೆ ನೋಡುತ್ತ ಕೂತಳು. ಆಮೇಲೆ ಮಗಳನ್ನು ಕರೆದಳು.

“ನಾಳೆ ಎಲ್ಲಾ ಹುಡುಗ್ಯಾರಿಗೂ ಹೇಳು. ಹೊಟ್ಟಿತುಂಬ ನೀರ ಕುಡದ ಬರ್ರಿ ಅಂತ.”

ಮಾರನೆಯ ದಿನ ಕಮಿಟಿ ಬಂತು, ಹಾರ ಹಾಕಿಸಿಕೊಂಡಿತು, ಎಳನೀರು ಕುಡಿಯಿತು, ಚಹಾ ಕುಡಿಯಿತು. ಆರೋಗ್ಯ ಕೇಂದ್ರದಲ್ಲಿ ಹಿರಿಯ ಸದಸ್ಯರೊಬ್ಬರು, “ಸ್ವಲ್ಪ ಜ್ವರ ಇದ್ದಂಗಿದೆ, ನೋಡಿ ಡಾಕ್ಟ್ರೇ,” ಎಂದರು. ಹಣಮಂತಪ್ಪ ರೂಢಿಯಂತೆ ಅವರ ಕಿವಿಯ ಬುಡ ಹಿಡಿದು ನೋಡಿ, “ಮೇವು ಬರೋಬರಿ ತಿಂತಾರೇನ್ರಿ?” ಎಂದು ಪ್ರಿನ್ಸಿಪಾಲರನ್ನು ಕೇಳಿದ. ಪ್ರಿನ್ಸಿಪಾಲರು ಬೆವರು ಒರೆಸಿಕೊಂಡು ಎಲ್ಲರನ್ನೂ ಮುಂದೆ ಸಾಗಿಸಿದರು.

ಕಮಿಟಿಯಲ್ಲಿ ಒಬ್ಬ ಮೇಡಮ್ ಇದ್ದರು. ಎಳನೀರು ತನ್ನ ಕೆಲಸ ಮಾಡಿತ್ತು. ಅವರು ಮೆಲ್ಲಗೆ ಕೇಳಿದ್ದೇ ಪ್ರಿನ್ಸಿಪಾಲರ ಮುಖ ಅರಳಿತು. “ಬರ್ರಿ ಮೇಡಮ್, ನಮ್ಮಲ್ಲಿ ಹೆಣ್ಣಮಕ್ಕಳಿಗೆ ಪ್ರತ್ಯೇಕ ವ್ಯವಸ್ಥಾ ಐತ್ರಿ.”

ಮೂಲೆ ತಿರುಗಿದರೆ ನೆಲದ ಮೇಲೆ ಪಾಳಿ. ಊಟದ ಡಬ್ಬಿ, ಚಪ್ಪಲಿ, ಕಂಪಾಸ್ ಪೆಟ್ಟಿಗೆ, ಒಂದು ಮುರುಕು ಕೊಡೆ, ಭಾಗ್ಯಾಳ ಗೆಳತಿ ನಾಜಿಮಾಳ ನೀರಿನ ಬಾಟ್ಲಿ. ಬಾಗಿಲಿನಿಂದ ಹೊರಟು ಬೇವಿನ ಗಿಡದವರೆಗೂ ಹೋಗಿತ್ತು. ಹುಡುಗಿಯರು ಗಿಡದ ನೆರಳಲ್ಲಿ ಹರಟೆ ಹೊಡೆಯುತ್ತ ಕೂತಿದ್ದರು. ಬಾಗಿಲಲ್ಲಿ ಕಾಡವ್ವ ಕಸಬರಿಗೆ ಹಿಡಿದು ಕೂತಿದ್ದಳು.

“ಏನಬೇ ಇದು?” ರಾಮಲಿಂಗಪ್ಪನ ದನಿ ಸಣ್ಣಗಾಗಿತ್ತು.

“ಪಾಳಿ ರೀ.”

“ತಗಿ ಎಲ್ಲಾ. ಮೇಡಮ್ಮಾರ ಹೋಗ್ತಾರ.” ಅವನು ಮುಂದಿನ ಡಬ್ಬಿಯನ್ನು ಬೂಟಿನಿಂದ ತಳ್ಳಲು ಹೋದ. ಕಾಡವ್ವ ಕಸಬರಿಗೆ ಅಡ್ಡ ಹಿಡಿದಳು.

“ಕೊಡಾ ಸರಿಸಬ್ಯಾಡ್ರಿ.”

“ಎಲ್ಲೈತೆಬೇ ಕೊಡಾ, ನಿನ್ನ ಹೆಣಾ ಎತ್ಲಿ?”

“ಪಾಳ್ಯಾಗ ಇಟ್ಟದ್ದೆಲ್ಲಾ ಕೊಡಾನ ರೀ.”

ನಾಜಿಮಾ ಎದ್ದು ಬಂದಳು. ಅವಳ ಅಪ್ಪ ನಿಜಾಮಸಾಬ ಟೆಂಪೋ ಓಡಿಸುವವನು, ಮಗಳಿಗೂ ಬ್ರೇಕು ಕಡಿಮೆ. “ಮೇಡಮ್, ಇದನ್ನ ತಗದದ್ದ ಇವತ್ರೀ. ನಿಮ್ಮ ಕಾರ್ ಹೋದ ಕೂಡ್ಲೆ ಮತ್ತ ಕೀಲಿ ಹಾಕ್ತಾರ. ನಾವು ಕಂಟ್ಯಾಗ ಹೋಗ್ತೇವಿ. ಈ ಭಾಗ್ಯಾ ಜ್ವರಾ ಬಂದ ಮಲಗಿದ್ಲು. ಅದಕ್ಕ ಇವತ್ತರ ಹೋಗೂಣಂತ ಪಾಳಿ ಹಚ್ಚೇವಿ.”

ಮೇಡಮ್ ಪ್ರಿನ್ಸಿಪಾಲರನ್ನು ನೋಡಿದರು. ಪ್ರಿನ್ಸಿಪಾಲರು ಬೇವಿನ ಗಿಡ ನೋಡಿದರು. ಮೇಡಮ್ಮಿಗೆ ಮಾತು ಬೆಳೆಸುವ ಶಕ್ತಿ ಆಗ ಇರಲಿಲ್ಲ. ನಡೆದು ಹೋಗಿ ಪಾಳಿಯ ಕೊನೆಯಲ್ಲಿ ತಮ್ಮ ಚರ್ಮದ ಪರ್ಸು ಇಟ್ಟು, ಹುಡುಗಿಯರ ನಡುವೆ ಮಂಡಿ ಬಿಗಿ ಹಿಡಿದು ಕೂತರು. ಪರ್ಸಿನ ಮುಂದೆ ಯಾರದೋ ಹರಿದ ಹವಾಯಿ ಚಪ್ಪಲಿ ಇತ್ತು. ಅದನ್ನೂ ಯಾರೂ ಸರಿಸಲಿಲ್ಲ.

ಮೇಡಮ್ ವರದಿಯಲ್ಲಿ ಏನು ಬರೆದರೋ ದೇವರೇ ಬಲ್ಲ. ಇತ್ತ ಕಾರು ಗೇಟು ದಾಟಿದ್ದೇ ಕೋಣೆಗೆ ಮೊದಲಿಗಿಂತ ದೊಡ್ಡ ಬೀಗ ಬಿತ್ತು.

“ನಾಳಿಂದ ನೀ ಬರಬ್ಯಾಡ,” ರಾಮಲಿಂಗಪ್ಪ ಕಾಡವ್ವನಿಗೆ ಹೇಳಿದ. “ಬಂದ್ರ ಕಾಲ ಮುರೀತೇನಿ.”

ಹೇಳುವ ಸಿಟ್ಟಿನಲ್ಲಿ ಒಂದು ಮರೆತ. ದಿನಾ ಮುಂಜಾನೆ ಚೇಂಬರ್ ತೆಗೆದು ಗುಡಿಸುವ ಕೀಲಿಕೈ ಅವಳ ಸೆರಗಿನಲ್ಲೇ ಇತ್ತು.

ಮರುದಿನ ಪ್ರಿನ್ಸಿಪಾಲರು ಬಂದಾಗ ಧ್ವಜಕಂಬದ ಬುಡದಲ್ಲಿ ಒಂದು ಡಬ್ಬಿ ಕಂಡಿತು. ಅದರ ಮುಂದೆ ಚಪ್ಪಲಿ, ಅದರ ಮುಂದೆ ಬಾಟ್ಲಿ. ಪಾಳಿ ಮೆಟ್ಟಿಲು ಹತ್ತಿ, ಪಡಸಾಲೆ ಹಾದು, ಅವರ ಚೇಂಬರಿನೊಳಗೆ ಹೊಕ್ಕು, ಮೇಜಿನ ಮಗ್ಗುಲಿನಿಂದ ಅವರ ಸ್ವಂತ ಸಂಡಾಸಿನ ಬಾಗಿಲಿಗೆ ಮುಟ್ಟಿತ್ತು. ಎಲ್ಲಕ್ಕಿಂತ ಮುಂದೆ ಮೈತುಂಬ ತೆಗ್ಗು ಬಿದ್ದ ಒಂದು ಕೊಡ. ಅದರ ಪಕ್ಕ ಕಾಡವ್ವ ಕೂತಿದ್ದಳು. ರಾಮಲಿಂಗಪ್ಪ ಕಾಲು ಎತ್ತಿದವನು ಪಡಸಾಲೆಯಲ್ಲಿ ನಿಂತ ಹುಡುಗಿಯರನ್ನು ನೋಡಿ, ಎತ್ತಿದ ಕಾಲನ್ನು ಇಳಿಸಿದ.

ಪ್ರಿನ್ಸಿಪಾಲರು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಚಹಾ ಕುಡಿದು ಬಂದಿದ್ದರು.

“ಏ, ಅದು ನನ್ನ ಸಂಡಾಸ.”

“ಹೌದ್ರಿ ಸರ್ರ,” ಕಾಡವ್ವ ಅಂದಳು. “ಹಿಂದ ಧ್ವಜಕಂಬದ ಕಡೆ ನಿಮ್ಮ ಬ್ಯಾಗ ಇಡ್ರಿ. ನೀವ್ಯಾಕ ಬಿಸಲಾಗ ನಿಂದರ್ತೀರಿ, ಬ್ಯಾಗ ನಿಂತ್ರ ಸಾಕು.”

ಒಳಗೆ ಭಾಗ್ಯಾ ಚಿಲಕ ಹಾಕಿಕೊಂಡಿದ್ದಳು. ನೀರು ಸುರಿಯುವ ಸಪ್ಪಳ ಕೇಳುತ್ತಿತ್ತು. ಅವಳಿಗೆ ಅವಸರ ಇದ್ದಂತೆ ಕಾಣಲಿಲ್ಲ.