ಹೆಸರು ಹಿಡಿದು ಅಳುವುದು

“ಈಗ ಎಷ್ಟೆತ್ತರ ಆಗಿರಬೇಕು ಅಂವ?”

ನಾಲವಾರ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತ ಭೀಮಬಾಯಿ ಕೇಳಿದ್ದು ಯಾರನ್ನೂ ಅಲ್ಲ. ವಾಡಿ ಕಡೆಗೆ ಗಾಡಿ ಹೋದಾಗೆಲ್ಲ ಅವಳು ಹೀಗೆ ಏನಾದರೊಂದು ಕೇಳುತ್ತಿದ್ದಳು. ಪಕ್ಕದಲ್ಲಿ ಬಳೆಬುಟ್ಟಿ ಇಟ್ಟುಕೊಂಡಿದ್ದ ನಜಮುನ್ನೀಸಾ ಎಲೆಅಡಿಕೆ ಮಡಿಚಿ ಕೊಟ್ಟಳು.

ಅವಳ ಆರು ವರ್ಷದ ಮಗ ಶಂಕರಲಿಂಗ ವರ್ಷಗಳ ಹಿಂದೆ ಕಳೆದುಹೋದದ್ದು ವಾಡಿ ಜಂಕ್ಷನ್ನಿನಲ್ಲಿ. ತಾಯಿ ನಳದಲ್ಲಿ ನೀರು ತುಂಬಿಕೊಂಡು ತಿರುಗುವಷ್ಟರಲ್ಲಿ ಹುಡುಗನಿರಲಿಲ್ಲ. ಅಲ್ಲಿಂದ ಮುಂಬೈಗೆ ಒಂದು ಹಾದಿ, ಹೈದರಾಬಾದಿಗೆ ಒಂದು, ರಾಯಚೂರಿನ ಕಡೆಗೆ ಒಂದು. ಯಾವ ಗಾಡಿ ಹತ್ತಿದನೋ. ಮೂರೂ ಹಾದಿ ತಿರುಗಿ ಅವಳು ಬರಿಗೈಲಿ ಬಂದಳು.

ಊರಲ್ಲಿ ಸಾವಾದರೆ ಹಾಡಿ ಅಳಲು ಮೊದಲು ಕರೆಯುತ್ತಿದ್ದುದು ಭೀಮಬಾಯಿಯನ್ನೇ. ಸತ್ತವರ ಹೆಸರು ಹಿಡಿದು, ಅವರು ಉಂಡದ್ದು, ಉಟ್ಟದ್ದು, ಹೊಲಕ್ಕೆ ನಡೆದ ದಾರಿ ಎಲ್ಲವನ್ನೂ ಸಾಲುಸಾಲಾಗಿ ಹಾಡುವಳು. ಹಾಗೆ ಹಾಡಿಬಿಟ್ಟರೆ ಹೋದವರು ಹೋದಂತೆಯೇ, ಮತ್ತೆ ಅವರ ದಾರಿ ಕಾಯುವಂತಿಲ್ಲ. “ಒಮ್ಮಿ ಅವನ ಹೆಸರಿಲೆ ಹಾಡಿ ಅತ್ತು ಬಿಡು ವೈನಿ, ಜೀವ ಹಗುರಾಗ್ತದ,” ಎಂದಿದ್ದ ಮೈದುನ ಪೀರಪ್ಪ. ಅವತ್ತಿನಿಂದ ಅವನೊಂದಿಗೆ ಅವಳು ಮಾತು ಬಿಟ್ಟಿದ್ದಳು.

ಸೇಡಂನ ಮಾಸ್ತರರೊಬ್ಬರ ಮಗ ಶ್ರೀರಾಮ ಸಿನಿಮಾ ತೆಗೆಯಲು ಬಂದದ್ದು ಹೋದ ವಾರ. ಕಳೆದ ಮಗನನ್ನು ಹುಡುಕುವ ತಾಯಿಯ ಕಥೆ. ತಾಯಿಯಾಗಿ ನಟಿಸುವ ಪದ್ಮಜಾಳ ಬಾಯಿಗೆ ಇಲ್ಲಿಯ ಕೂಗು ಹತ್ತಲಿಲ್ಲ. ದನಿ ಭೀಮಬಾಯಿಯದಿರಲಿ ಎಂದಾಯಿತು.

“ರೊಕ್ಕ ಬ್ಯಾಡ್ರಿ ನನಗ,” ಅಂದಿದ್ದಳು ಅವಳು. “ಆ ಕೂಸಿಗಿ ನನ್ನ ಮಗನ ಹೆಸರಿಡ್ರಿ. ಸಿನಿಮಾ ಎಲ್ಲಾ ಕಡಿಗಿ ಹೋಗ್ತದಲ್ಲ. ಎಲ್ಲಿದ್ರೂ ಕೇಳ್ತಾನ ಅಂವ.”

ಶ್ರೀರಾಮ ಹೂಂ ಅಂದಿದ್ದ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಅವಳು “ಶಂಕ್ರಲಿಂಗಾ...” ಎಂದು ಕೂಗಿದಾಗ ಗೂಡ್ಸ್ ಗಾಡಿಯ ಗಾರ್ಡ್ ಕೂಡ ತಿರುಗಿ ನೋಡಿದ್ದ.

“ಇನ್ನೇನು ಭೀಮಬಾಯಿ, ನಿನ್ನ ದನಿ ಟಿಕೇಟಿಲ್ದೆ ಮುಂಬೈಗಿ ಹೊಂಟದ,” ಎಂದು ನಜಮುನ್ನೀಸಾ ಛೇಡಿಸಿದ್ದಳು. ಭೀಮಬಾಯಿ ನಕ್ಕಿದ್ದಳು. ಅವಳು ನಕ್ಕದ್ದನ್ನು ಸ್ಟೇಷನ್ನಿನವರು ಮೊದಲ ಸಲ ನೋಡಿದ್ದರು.

ಇವತ್ತು ಮಧ್ಯಾಹ್ನ ಅವಳನ್ನು ಬೆಂಚಿನಿಂದ ಎಬ್ಬಿಸಿ ಕರೆದೊಯ್ದದ್ದು ಊರೊಳಗಿನ ಒಂದು ಮನೆಯ ಅಂಗಳಕ್ಕೆ. ಶಹಾಬಾದ ಪರಸಿಕಲ್ಲಿನ ಹಾಸಿನ ಮೇಲೆ ಬಿಳಿ ಬಟ್ಟೆ ಹೊದಿಸಿ ಏನನ್ನೋ ಮಲಗಿಸಿದ್ದರು. ಚಿಕ್ಕದು. ಮೇಲೆ ಚೆಂಡುಹೂವಿನ ಮಾಲೆ. ಸುತ್ತ ಓಣಿಯ ಹೆಂಗಸರು ತಲೆಮೇಲೆ ಸೆರಗು ಹೊದ್ದು ಕುಳಿತಿದ್ದರು. ಕ್ಯಾಮೆರಾ ನೋಡಬೇಡಿ ಎಂದದ್ದಕ್ಕೆ ಅದನ್ನೇ ನೋಡುತ್ತಿದ್ದರು.

“ಯಾರಿದು?” ಭೀಮಬಾಯಿ ಕೇಳಿದಳು.

“ಕಥಿ ಹಿಂಗ ಮುಗೀತದ್ರಿ,” ಶ್ರೀರಾಮ ತಗ್ಗಿದ ದನಿಯಲ್ಲಿ ಹೇಳಿದ. “ಹುಡುಗ ಹಳಿ ಬಾಜೂಕ ಸಿಗ್ತಾನ. ನೀವು ಹೆಸರು ಹಿಡಿದು ಹಾಡ್ರಿ. ನಿಮ್ಮ ಹಾಡಿಲ್ಲಂದ್ರ ನನ್ನ ಸಿನಿಮಾ ಇಲ್ರಿ.”

ಕಥೆಯ ಕೊನೆ ಏನೆಂದು ಕೇಳಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ.

“ಹೆಸರು ಬದ್ಲಿ ಮಾಡ್ರಿ. ಕಥ್ಯಾಗ ಮೊದಲಿದ್ದ ಹೆಸರೇ ಇಡ್ರಿ.”

“ಸಿನಿಮಾ ಎಲ್ಲಾ ಅದೇ ಹೆಸರಿಲೆ ತೆಗದೀವ್ರಿ. ನೀವೇ ಹೇಳಿದ್ರಿ.” ಅವನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. “ಒಳಗ ಬರೇ ದಿಂಬು ಅವ, ಅವ್ವಾ. ಮುಟ್ಟಿ ನೋಡ್ರಿ.”

ಮುಟ್ಟಿದಳು. ಬಿಸಿಲಿಗೆ ಕಾದು ಬೆಚ್ಚಗಿತ್ತು, ನಿದ್ದೆ ಹೋದ ಮಗುವಿನ ಬೆನ್ನಿನಂತೆ.

ಅವಳ ಬಾಯಿ ತಾನಾಗಿ ತೆರೆಯಿತು. ಕೆಂಪು ಚಡ್ಡಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು... ಸಾಲುಗಳು ಎಲ್ಲ ತಯಾರಿದ್ದವು. ಯಾವಾಗ ಕಟ್ಟಿದಳೋ ಅವಳಿಗೇ ಗೊತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಹೆಂಗಸರೊಳಗೆ ಯಾರೋ ಖರೆಯೇ ಬಿಕ್ಕಿದರು.

“ಒಂದೇ ಸಾಲು,” ಶ್ರೀರಾಮ ಅಂದ. “ಕೈ ಮುಗೀತೀನಿ ಅವ್ವಾ.”

ದೂರದಲ್ಲಿ ವಾಡಿಯ ಗಾಡಿ ಕೂಗಿತು. ಭೀಮಬಾಯಿ ಮಾಲೆಯನ್ನು ಎತ್ತಿ ಬದಿಗಿಟ್ಟಳು. ಮುಖವಿರಬೇಕಾದ ಕಡೆ ಬಟ್ಟೆಯನ್ನು, ಗಾಳಿಯಾಡುವಷ್ಟು, ಸರಿಸಿದಳು.

“ಒಲ್ಲೆ,” ಅಂದಳು. “ಹಾಡಂಗಿಲ್ಲ.”