ಏಳು ಫೈಲುಗಳಲ್ಲಿ ಒಂದೇ ಮಗು

ಆ ವೀಸಾ ಕಚೇರಿಯ ಹಿರಿಯ ವಕೀಲರಿಗೆ ನೌಕರರು ಇಟ್ಟಿದ್ದ ಹೆಸರು ಅಡ್ಡಗೋಡೆ. ಕೇಸು ಗೆಲ್ಲುತ್ತದೆಯೇ ಎಂದು ಯಾರು ಕೇಳಿದರೂ ಅವರ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿರುತ್ತಿತ್ತು. ಬೇರೆಯವರು ಕೈಬಿಟ್ಟ, ಎರಡು ಮೂರು ಸಲ ತಿರಸ್ಕಾರವಾದ ಅರ್ಜಿಗಳೇ ಅಲ್ಲಿಗೆ ಬರುತ್ತಿದ್ದವು. ಅರ್ಧಕ್ಕರ್ಧ ಗೆಲ್ಲುತ್ತಲೂ ಇದ್ದವು. ಒಂಬತ್ತು ವರ್ಷದಿಂದ ಅಲ್ಲಿ ದುಡಿಯುತ್ತಿದ್ದ ಕಿರಿಯ ವಕೀಲೆಗೆ ಅದು ಹೇಗೆ ಎಂದು ಕೆದಕಿ ನೋಡಬೇಕೆನಿಸಿರಲಿಲ್ಲ.

ಒಂದು ಸೋಮವಾರ ಅಡ್ಡಗೋಡೆಯವರು ಒಬ್ಬ ಆಯಾಳ ಫೈಲನ್ನು ಕಿರಿಯ ವಕೀಲೆಯ ಮೇಜಿನ ಮೇಲಿಟ್ಟು, "ಕಾಗುಣಿತ ನೋಡ್ಬಿಡಿ, ಈ ವಾರ ಕೋರ್ಟಿಗೆ ಹೋಗ್ಬೇಕು" ಎಂದರು. ಆಯಾ ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸುವವಳು. ಕೆಲಸದ ವೀಸಾದ ಮೇಲೆ ಈ ದೇಶಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಗಂಡ ಊರಿನಲ್ಲಿ ಬಸ್ಸು ರಿಪೇರಿಯವನು. ಅವನ ವೀಸಾ ಅರ್ಜಿ ಎರಡು ಸಲ ಬಿದ್ದುಹೋಗಿತ್ತು. ಹೆಂಡತಿ ಗಂಡನಿಗಿಂತ ಆರು ವರ್ಷ ದೊಡ್ಡವಳು, ಮದುವೆಯ ಫೋಟೊ ನಾಲ್ಕೇ ನಾಲ್ಕು, ನಾಲ್ಕರಲ್ಲೂ ಇಬ್ಬರ ನಡುವೆ ಒಂದು ಮೊಳದ ಅಂತರ. ಇದು ಬರೀ ಕಾಗದದ ಮದುವೆ ಎಂದು ಅಧಿಕಾರಿ ಬರೆದಿದ್ದ.

ಆಯಾಳ ಹೇಳಿಕೆಯ ಮೂರನೆಯ ಪುಟದಲ್ಲಿ ವಕೀಲೆಯ ಕಣ್ಣು ನಿಂತಿತು. 'ಐದು ತಿಂಗಳಿಗೆ ಗರ್ಭ ಇಳಿಯಿತು. ಆಸ್ಪತ್ರೆಯಲ್ಲಿ ಗಂಡ ಜೊತೆಗಿರಲಿಲ್ಲ. ಮಗುವಿಗೆಂದು ಹೆಣೆದಿದ್ದ ಹಳದಿ ಟೋಪಿಯನ್ನು ನಾನೇ ಕೈಯಾರೆ ಒಲೆಗೆ ಹಾಕಿದೆ.'

ಆ ಸಾಲುಗಳು ವಕೀಲೆಯದೇ ಕೈಬರಹದಿಂದ ಟೈಪಾದವು. ಮೂರು ವರ್ಷದ ಹಿಂದೆ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ಇದೇ ಕುರ್ಚಿಯಲ್ಲಿ ಕೂತು, ಸುಟ್ಟ ಕಲೆಗಳಿದ್ದ ಬೆರಳುಗಳನ್ನು ಹಿಸುಕಿಕೊಳ್ಳುತ್ತ ಅದನ್ನು ಹೇಳಿದ್ದಳು. ಹೇಳಿ ಮುಗಿಸಲು ಅವಳಿಗೆ ಇಡೀ ಮಧ್ಯಾಹ್ನ ಹಿಡಿದಿತ್ತು.

ವಕೀಲೆ ಕಂಪ್ಯೂಟರಿನಲ್ಲಿ 'ಹಳದಿ ಟೋಪಿ' ಎಂದು ಹುಡುಕಿದಳು. ಇಸ್ತ್ರಿಯವಳದು, ಆಯಾಳದು ಸೇರಿ ಏಳು ಫೈಲು ಬಂದವು. ಉಳಿದವರಲ್ಲಿ ಒಬ್ಬಳು ದಾದಿ, ಒಬ್ಬಳು ಅಡುಗೆಯವಳು, ಒಬ್ಬಳಿಗಂತೂ ಅರವತ್ತು ದಾಟಿತ್ತು. ಅವಳ ಫೈಲಿನಲ್ಲಿ ಗರ್ಭ ಇಳಿದದ್ದು ಸೊಸೆಗೆ. ವಕೀಲೆ ಬಚ್ಚಲಿಗೆ ಹೋಗಿ ಎರಡು ಸಲ ಕೈ ತೊಳೆದುಕೊಂಡಳು. ಆದರೂ ಏನೋ ಲೋಳೆ ಮೆತ್ತಿಕೊಂಡ ಹಾಗೇ ಇತ್ತು.

"ಸರ್, ಇದು ಆ ಇಸ್ತ್ರಿಯವಳ ಮಗು."

ಅಡ್ಡಗೋಡೆಯವರು ಕನ್ನಡಕ ಒರೆಸುತ್ತಲೇ ಇದ್ದರು. "ಇದಿರೋ ಮಿಕ್ಕ ಐದು ಕೇಸೂ ಗೆದ್ದಿವೆ. ಐದು ಸಂಸಾರ ಒಂದಾಗಿದೆ. ಯಾರಿಗೆ ನಷ್ಟ ಹೇಳಿ?"

"ಒಂದೇ ಟೋಪಿನ ಎಷ್ಟು ಜನಕ್ಕೆ ಹಾಕ್ತೀರಿ?"

ಅವರು ಜೋರಾಗಿ ನಕ್ಕರು. "ಚೆನ್ನಾಗಿ ಮಾತಾಡ್ತೀರಿ. ಕೋರ್ಟಲ್ಲಿ ಮಾತ್ರ ಬಾಯಿ ಬರಲ್ಲ." ಆ ನಗುವಿನಲ್ಲಿ ನಾಚಿಕೆಯ ಒಂದು ಎಳೆಯೂ ಇರಲಿಲ್ಲ. ಅದನ್ನು ಕಂಡು ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು.

ಮಧ್ಯಾಹ್ನ ಆಯಾಳನ್ನು ಕರೆಸಿದಳು. ಕೆಲಸದ ಮೇಲಂಗಿಯಲ್ಲೇ ಓಡಿಬಂದಿದ್ದ ಅವಳಿಂದ ಸೋಪಿನ ವಾಸನೆ ಬರುತ್ತಿತ್ತು. ಓದಲು ಬಾರದ ಭಾಷೆಯ ಕಾಗದಕ್ಕೆ ಅವಳು ಆಗಲೇ ಸಹಿ ಹಾಕಿದ್ದಳು. ವಕೀಲೆ ಆ ಮೂರು ಸಾಲನ್ನು ಅವಳಿಗೆ ತಿಳಿಯುವ ಹಾಗೆ ಓದಿ ಹೇಳಿದಳು.

"ನಂಗೆ ಮಕ್ಕಳೇ ಆಗಿಲ್ವಲ್ಲಕ್ಕಾ," ಎಂದಳು ಆಯಾ. ದನಿ ತಗ್ಗಿಸಿ ಕೇಳಿದಳು: "ಇದಿದ್ರೆ ಅವ್ರು ಬರ್ತಾರಾ?"

"ಬರಬಹುದು. ಆದ್ರೆ ಇದು ಬೇರೊಬ್ಬ ತಾಯಿ ಕಳಕೊಂಡ ಮಗು." ಆಯಾ ಹೂಂ ಅಂದುಬಿಡಲಿ, ತನಗೂ ರಗಳೆ ತಪ್ಪಲಿ ಎಂದು ವಕೀಲೆಯ ಮನಸ್ಸು ಒಂದು ಗಳಿಗೆ ಹಾರೈಸಿತು. ಆ ಹಾರೈಕೆಗೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಯಾ ತನ್ನ ಸಹಿಯನ್ನೇ ನೋಡುತ್ತ ಕೂತಿದ್ದಳು. "ಪಾಪ, ಆ ತಾಯಿಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ಬೇಡಕ್ಕಾ. ಹೊಡೆದುಹಾಕಿ."

ಬೇರೆ ಏನು ಸಾಕ್ಷಿಯಿದೆ ಎಂದು ವಕೀಲೆ ಕೇಳಿದರೆ ಆಯಾ ಫೋನನ್ನು ಎದೆಗವಚಿಕೊಂಡಳು. ಅದರಲ್ಲಿ ನಾಲ್ಕು ವರ್ಷದ ಧ್ವನಿಸಂದೇಶಗಳಿದ್ದವು. "ಬರೀ ಜಗಳ ಅಕ್ಕ. ಮಾನ ಹೋಗುತ್ತೆ." ನಿಜಕ್ಕೂ ಬರೀ ಜಗಳವೇ. ಅವನು ರಕ್ತದೊತ್ತಡದ ಮಾತ್ರೆ ನುಂಗದ್ದಕ್ಕೆ, ಅವಳು ನಾದಿನಿಯ ಫೋನು ಎತ್ತದ್ದಕ್ಕೆ, ಅವನು ಹಾಸಿಗೆಯ ಹೊದಿಕೆಯನ್ನು ಯಾರಿಗೋ ಕೊಟ್ಟದ್ದಕ್ಕೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಒಟ್ಟಿಗೆ ಉಂಡು ಮಲಗುವ ಭಾಗ್ಯವೇ ಇಲ್ಲದ ಇವರ ಜಗಳ ನಾಲ್ಕು ವರ್ಷವಾದರೂ ಮುಗಿದಿರಲಿಲ್ಲ.

ವಕೀಲೆ ಅಡ್ಡಗೋಡೆಯವರಿಗೆ ಹೇಳಿದಳು: "ಆ ಹೇಳಿಕೆ ಕೋರ್ಟಿಗೆ ಹೋದ್ರೆ ಅದು ಸುಳ್ಳು ಅಂತ ನಾನೇ ಹೇಳ್ತೀನಿ." ಅವರು ಭುಜ ಕುಣಿಸಿದರು. "ಸೋತ್ರೆ ನಿಮ್ಮ ತಲೆ ಮೇಲೆ." ವಕೀಲೆ ಆಯಾಳನ್ನು ಒಪ್ಪಿಸಿ ಐವತ್ತು ಜಗಳಗಳನ್ನು ತಾರೀಖು ಸಮೇತ ಅನುವಾದಿಸಿ ಸಲ್ಲಿಸಿದಳು.

ವಿಚಾರಣೆಯ ದಿನ ನ್ಯಾಯಾಧೀಶೆ ಹಾಳೆ ಮಗುಚುತ್ತ ಹೋದರು. ಹೊದಿಕೆಯ ಜಗಳಕ್ಕೆ ಬಂದಾಗ ತಲೆಯೆತ್ತಿ ಆಯಾಳನ್ನು ಕೇಳಿದರು: "ಕೊನೆಗೆ ಹೊದಿಕೆ ವಾಪಸ್ ಬಂತಾ?"

"ಎಲ್ಲಿ ಬಂತು ಮೇಡಂ!" ಆಯಾಳ ಕಣ್ಣು ಕೆಂಪಾಯಿತು. "ನಮ್ಮಮ್ಮ ಹೊಲಿದಿದ್ದು ಅದು. ಕೇಳಿದ್ರೆ ಇವತ್ತಿಗೂ ಮಾತು ಹಾರಿಸ್ತಾರೆ."

ಮೂರು ವಾರಕ್ಕೆ ತೀರ್ಪು ಬಂತು. ಮದುವೆ ನಿಜ, ವೀಸಾ ಕೊಡಿ. ಆಯಾ ಫೋನಿನಲ್ಲಿ ಅತ್ತಳು. ಅಳುವಿನ ನಡುವೆಯೇ ಗಂಡನಿಗೆ ಏನೇನು ತರಬಾರದೆಂದು ಹೇಳಬೇಕು ಅಂದಳು.

ಆ ಖುಷಿ ವಕೀಲೆಗೆ ದಕ್ಕಿದ್ದು ಒಂದೇ ಗಂಟೆ. ಅಡ್ಡಗೋಡೆಯವರು ತೀರ್ಪಿನ ಪ್ರತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಭೇಷ್! ಜಗಳ ಚೆನ್ನಾಗಿ ಕೆಲಸ ಮಾಡ್ತು. ಈ ಐವತ್ತರಲ್ಲಿ ಒಳ್ಳೇದು ಹತ್ತು ಆರಿಸಿಡಿ, ಆ ದಾದಿ ತಂಗಿ ಕೇಸು ಬಂದಿದೆ, ಅದಕ್ಕೂ ಆಗುತ್ತೆ."

ಅವಳು ಅಂದೇ ರಾಜೀನಾಮೆ ಬರೆದಳು. ಅವರ ಮೇಲೆ ದೂರು ಕೊಡಲು ಕೂತವಳು ಮಾತ್ರ ಅರ್ಧ ಪುಟಕ್ಕೇ ನಿಲ್ಲಿಸಿದಳು. ದೂರು ಹೋದರೆ ಮೊದಲು ಬೀದಿಗೆ ಬೀಳುವುದು ಅಡ್ಡಗೋಡೆಯಲ್ಲ, ಸುಳ್ಳಿನ ಮೇಲೆ ವೀಸಾ ಪಡೆದ, ಅದು ಸುಳ್ಳೆಂದೇ ಅರಿಯದ ಆ ಐದು ಸಂಸಾರ. ಬರೆದದ್ದನ್ನು ಹರಿದು ಹಾಕಿದಳು.

ಈಗ ಅವಳು ಎರಡು ಬೀದಿ ಆಚೆ ಒಂದು ಕೋಣೆ ಹಿಡಿದು ಅದೇ ಕೆಲಸ ಮಾಡುತ್ತಾಳೆ. ಒಮ್ಮೊಮ್ಮೆ ದಾರಿಯಲ್ಲಿ ಅಡ್ಡಗೋಡೆಯವರು ಎದುರಾಗಿ, ಏನೂ ಆಗೇ ಇಲ್ಲವೆಂಬಂತೆ ಕೈ ಚಾಚುತ್ತಾರೆ. ಅವಳು ಕೈ ಕೊಡುವುದಿಲ್ಲ.