ಪಾಲಮ್ಮನ ಅಳುವಿಗೆ ಕುಣಿದ ಬೊಂಬೆ

ಹೆರಿಗೆ ನೋವಿನಲ್ಲಿ ಮುದ್ದಕ್ಕ ಎತ್ತಿನಗಾಡಿಯ ಮೇಲೇ ಸತ್ತಳು. ಆದಿವಾಲದಿಂದ ಹಿರಿಯೂರಿನ ಆಸ್ಪತ್ರೆ ಮುಟ್ಟುವ ಮೊದಲೇ ರಕ್ತ ಗಾಡಿಯ ಹುಲ್ಲು ತೋಯಿಸಿ ರಸ್ತೆಗೆ ಸೋರಿತ್ತು. ಕೂಸೂ ಉಳಿಯಲಿಲ್ಲ. ಅಂದಿನಿಂದ ಅವಳ ತಾಯಿ ಪಾಲಮ್ಮ ಕುರಿ ಕಾಯುತ್ತ, ರಾಗಿ ಬೀಸುತ್ತ, ಮಗಳ ಹೆಸರು ಹಿಡಿದು ಹಾಡಿಕೊಂಡು ಅಳುತ್ತಿದ್ದಳು. ಒಂದು ಸಾಲು ಹಾಡು, ಒಂದು ಬಿಕ್ಕು.

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಫಿಲಂ ಮಾಡುವವರು ಜೀಪಿನಲ್ಲಿ ಬಂದರು. ಅವರನ್ನು ಕರೆತಂದವನು ಪ್ರಚಾರದ ಅಧಿಕಾರಿ ಶಿವಕುಮಾರಪ್ಪ.

"ಹಾಡಮ್ಮ. ನಿನ್ ಮಗಳ ಕಥೆ ಎಲ್ಲಾರಿಗೂ ಗೊತ್ತಾಗ್ಲಿ."

"ನಮ್ಮೂರಿಗೆ ಆಸ್ಪತ್ರಿ ಬರ್ತೈತಾ ಸ್ವಾಮಿ?"

"ಜನ ಕೇಳಿದ್ರೆ ಬಂದೇ ಬರ್ತೈತೆ."

ಆ ಮಾತು ನಂಬಿ ಪಾಲಮ್ಮ ಟೇಪ್‌ರೆಕಾರ್ಡರಿನ ಮುಂದೆ ಕುಳಿತು ಹಾಡಿದಳು. ಬಿಕ್ಕು ಬಂದಲ್ಲಿ ತಡೆಯಲಿಲ್ಲ. ಫಿಲಮ್ಮಿನವರಲ್ಲಿ ಚಿತ್ರ ಬರೆಯುವಾತ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ.

"ಮೊದಲು ದನಿ ಹಿಡೀತೀವಮ್ಮ. ಆಮೇಲೆ ಅದಕ್ಕೆ ತಕ್ಕಂಗೆ ಬೊಂಬೆ ಬರೀತೀವಿ. ನಿಮ್ಮ ದನಿ ಹೆಂಗೆ ನಡೆಯುತ್ತೋ ಬೊಂಬೆನೂ ಹಂಗೇ ನಡೆಯುತ್ತೆ," ಎಂದ.

"ನಮ್ ಮುದ್ದಕ್ಕ ನಡೀತಾಳಂತೆ ಕಣೇ," ಎಂದು ಪಾಲಮ್ಮ ಪಕ್ಕದ ಮನೆಯ ತಿಪ್ಪಮ್ಮನಿಗೆ ಹೇಳಿದಳು. ಫಿಲಮ್ಮಿನ ದಾರಿಯನ್ನೇ ಕಾಯ್ದಳು.

ಮಳೆಗಾಲ ಕಳೆದ ಮೇಲೆ ಅದು ಬಂತು. ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಹಾಡಹಗಲೇ ಕತ್ತಲೆ ಮಾಡಿದರು.

ತೆರೆಯ ಮೇಲೆ ಮೊದಲು ‘ಕುಟುಂಬ ಯೋಜನೆ’ ಎಂಬ ಅಕ್ಷರ, ಆಮೇಲೆ ಬಸುರಿ ಬೊಂಬೆ ಕಾಣಿಸಿತು. ಗುಡಾಣದಂಥ ಹೊಟ್ಟೆ, ಕಡ್ಡಿಯಂಥ ಕಾಲು. ದನಿ ಪಾಲಮ್ಮನದೇ. ಆದರೆ ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸಿದ್ದರು. ಹಾಡು ಹಿಡಿದ ಕೋಳಿಯಂತೆ ಚೀರುತ್ತಿತ್ತು. ಒಂದೊಂದು ಬಿಕ್ಕಿಗೂ ಬೊಂಬೆ ಎಗರುತ್ತಿತ್ತು. ಎಗರಿದಾಗಲೆಲ್ಲ ಸೀರೆಯಿಂದ ಒಂದು ಕೂಸು ಪುಳಕ್ಕನೆ ಉದುರುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ಪಾಲಮ್ಮನ ಗಂಡ ಚಿತ್ತಪ್ಪನೂ ನಕ್ಕ. ದನಿಯ ಗುರುತು ಹತ್ತಿದೊಡನೆ ಬಾಯಿಗೆ ಟವೆಲು ಒತ್ತಿಕೊಂಡ.

ಪಾಲಮ್ಮ ಎದ್ದಳು. "ನಿಲ್ಸ್ರಿ! ಅದು ನನ್ ಮಗಳ ಸಾವು!"

"ಕುಂತ್ಕಳಮ್ಮ! ಸರ್ಕಾರದ ಫಿಲಂ ಇದು. ಗಲಾಟೆ ಮಾಡಿದ್ರೆ ಪೊಲೀಸ್ರನ್ನ ಕರೀತೀನಿ," ಎಂದು ಶಿವಕುಮಾರಪ್ಪ ಗದರಿದ.

"ಕರೀರಿ. ಅವ್ರನ್ನೂ ಒಬ್ಳು ಹೆತ್ತಿರ್ತಾಳೆ."

ಅವಳು ತೆರೆಯ ಮುಂದೆ ಹೋಗಿ ನಿಂತು ತನ್ನ ಹಾಡನ್ನು ಅದರ ಮೊದಲಿನ ನಡಿಗೆಯಲ್ಲೇ ಎತ್ತಿದಳು. ನಿಧಾನವಾಗಿ. ತಿಪ್ಪಮ್ಮ ದನಿಗೂಡಿಸಿದಳು. ಬೀಸುಕಲ್ಲಿನ ಮುಂದೆ ಕೇಳಿ ಕೇಳಿ ಆ ಸಾಲುಗಳು ಊರಿನ ಹೆಂಗಸರಿಗೆಲ್ಲ ಬಾಯಿಗೆ ಬಂದಿದ್ದವು. ಒಬ್ಬೊಬ್ಬರೇ ಎದ್ದು ಹಾಡತೊಡಗಿದರು. ಟೇಪಿನ ಚೀರಾಟ ಮುಳುಗಿತು. ತಾಳ ಕಳೆದುಕೊಂಡ ಬೊಂಬೆ ಪಾಲಮ್ಮನ ಮುಖದ ಮೇಲೆ, ಎದೆಯ ಮೇಲೆ ಸುಮ್ಮನೆ ಎಗರುತ್ತಲೇ ಇತ್ತು. ಯಾರೂ ನಗಲಿಲ್ಲ.

ಶಿವಕುಮಾರಪ್ಪ ಯಂತ್ರ ಆರಿಸಿ ರೀಲಿನ ಡಬ್ಬಿಯನ್ನು ಜೀಪಿಗೆ ಹಾಕಿಸಿದ. ಪಾಲಮ್ಮ ಅಡ್ಡ ಬಂದಳು.

"ಅದನ್ನ ಕೊಟ್ಟೋಗ್ರಿ. ನನ್ ದನಿ ಅದ್ರಾಗೈತೆ."

"ಇದೊಂದೇನಾ? ಇದೇ ಫಿಲಮ್ಮಿನ ರೀಲು ಜಿಲ್ಲೆ ತುಂಬ ಅವೆ. ಈಗ ಮತ್ತೋಡು ಊರಾಗೂ ಆಟ ನಡೀತೈತೆ. ಸಂಜಿಗೆ ನಮ್ದು ಹಿರಿಯೂರ್ನಾಗೆ. ಸರಿ ಅತ್ಲಾಗೆ!"

ಜೀಪು ಹೊರಟಿತು. ಪಾಲಮ್ಮ ಧೂಳಿನಲ್ಲಿ ಕುಸಿದಳು. ಚಿತ್ತಪ್ಪ ರಟ್ಟೆ ಹಿಡಿದ.

"ಮನಿಗೆ ಹೋಗಾಣ ಬಾ."

"ಮನ್ಯಾಗೆ ಕುಂತ್ರೆ ಅವ್ರು ನಗೋದು ನಿಲ್ತೈತಾ?"

ಅವಳು ಕೈ ಬಿಡಿಸಿಕೊಂಡು ಹಿರಿಯೂರಿನ ರಸ್ತೆ ಹಿಡಿದಳು. ತಿಪ್ಪಮ್ಮ ಸೆರಗು ಸಿಕ್ಕಿಸಿ ಹಿಂದೆ ನಡೆದಳು. ಅವಳ ಹಿಂದೆ ಮತ್ತಷ್ಟು ಹೆಂಗಸರು, ಕೆಲವರ ಕಂಕುಳಲ್ಲಿ ಕೂಸು. ಹಾಡು ಮತ್ತೆ ಎದ್ದಿತು.

ಆ ಹೊತ್ತಿಗೂ ಬೊಂಬೆ ಎಗರುತ್ತಿದ್ದ ಮತ್ತೋಡು ದೂರವಿತ್ತು. ಅಲ್ಲಿಗೆ ಅವರ ದನಿ ಮುಟ್ಟುವಂತಿರಲಿಲ್ಲ.